ಮಲೆನಾಡಿನ ಸ್ಥಳನಾಮಗಳು: ಐತಿಹ್ಯ ಮತ್ತು ನೆಲದ ಸಾಕ್ಷ್ಯ

ಊರ ಹೆಸರುಗಳ ನಿಷ್ಪತ್ತಿಯನ್ನು ಅರಸುವಾಗ ನಮ್ಮ ವಿದ್ವತ್ತು ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿದಿದೆ. ಶಾಸನ ಮತ್ತು ಭಾಷಾಶಾಸ್ತ್ರವನ್ನು ನೆಚ್ಚಿದವರು ಐತಿಹ್ಯವನ್ನು ಕಟ್ಟುಕಥೆಯೆಂದು ಬದಿಗೆ ಸರಿಸುತ್ತಾರೆ. ಐತಿಹ್ಯವನ್ನು ನೆಚ್ಚಿದವರು ಅದನ್ನೇ ಚರಿತ್ರೆಯೆಂದು ಸ್ವೀಕರಿಸುತ್ತಾರೆ. ಚಿಕ್ಕಮಗಳೂರು ಸೀಮೆಯ ಹೆಸರುಗಳನ್ನು ಪರಿಶೀಲಿಸಿದಾಗ ಈ ಎರಡೂ ನಿಲುವುಗಳ ಕೊರತೆ ಎದ್ದು ಕಾಣುತ್ತದೆ.

ಸಖರಾಯಪಟ್ಟಣದ ಅರಸ ರುಕ್ಮಾಂಗದನು ತನ್ನ ಚಿಕ್ಕ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಚಿಕ್ಕಮಗಳೂರು, ಹಿರಿಯ ಮಗಳಿಗೆ ಕೊಟ್ಟದ್ದು ಹಿರೇಮಗಳೂರು ಎಂಬುದು ಜನಜನಿತವಾದ ಐತಿಹ್ಯ. ಆದರೆ ಶಾಸನಗಳಲ್ಲಿ ಈ ಊರುಗಳು ಕಿರಿಯ ಮುಗುಳಿ, ಪಿರಿಯ ಮುಗುಳಿ ಎಂದು ಕಾಣಿಸಿಕೊಳ್ಳುತ್ತವೆ. ಪಕಾರವು ಹಕಾರವಾಗುವ ನಿಯಮದಂತೆ 'ಪಿರಿಯ'ವು 'ಹಿರಿಯ'ವಾಯಿತು. 'ಕಿರಿಯ'ದ ಸ್ಥಾನಕ್ಕೆ 'ಚಿಕ್ಕ' ಬಂದಿತು. 'ಮುಗುಳಿ'ಯ ಅರ್ಥ ಮಸುಕಾದ ಬಳಿಕ ಕಿವಿಗೆ ಪರಿಚಿತವಾದ 'ಮಗಳು' ಆ ಜಾಗದಲ್ಲಿ ನೆಲೆಗೊಂಡಳು. ಹಿರಿಯ, ಕಿರಿಯ ಎಂಬ ವಿಶೇಷಣಗಳು ಮೂಲತಃ ಊರುಗಳಿಗೆ ಸೇರಿದವು, ಹೆಣ್ಣುಮಕ್ಕಳಿಗಲ್ಲ.

ಇಷ್ಟಕ್ಕೆ ಐತಿಹ್ಯ ಸುಳ್ಳಾಯಿತೆಂದು ವಿಚಾರವನ್ನು ಮುಗಿಸುವುದು ಅವಸರದ ತೀರ್ಮಾನ. ಅರ್ಥ ಕಳೆದುಕೊಂಡ ಹೆಸರಿಗೆ ಸಮುದಾಯವು ಮರಳಿ ಅರ್ಥ ಕೊಡುವಾಗ ಯಾವ ಕಥೆಯನ್ನು ಆರಿಸಿಕೊಂಡಿತು ಎಂಬುದೇ ಜಾನಪದದ ಮುಖ್ಯ ಪ್ರಶ್ನೆ. ಇಲ್ಲಿ ಎರಡು ನೆರೆಯೂರುಗಳು ಅಕ್ಕತಂಗಿಯರಾಗಿವೆ. ಊರಿಗೆ ಊರೇ ಹೆಣ್ಣುಮಕ್ಕಳ ಪಾಲಾಗಿದೆ. ಭೂಮಿಯ ಒಡೆತನ ಬಹುಮಟ್ಟಿಗೆ ಗಂಡಸರದೇ ಆಗಿದ್ದ ಸಮಾಜದಲ್ಲಿ ಈ ಕಲ್ಪನೆ ಅಲಕ್ಷಿಸತಕ್ಕದ್ದಲ್ಲ. ಮುಗುಳಿ ಊರಿನ ಹಳೆಯ ರೂಪವನ್ನು ಹೇಳಿದರೆ, ಮಗಳು ಊರವರ ಮನಸ್ಸನ್ನು ಹೇಳುತ್ತಾಳೆ.

ಜನರು ಹೆಸರಿಗೆ ಹೊಸ ಅರ್ಥ ಕಲ್ಪಿಸುವುದು ಒಂದು ಬಗೆಯಾದರೆ, ಪ್ರಭುತ್ವವು ಹೊಸ ಹೆಸರನ್ನೇ ಕೊಡುವುದು ಇನ್ನೊಂದು ಬಗೆ. ಯೆಡೆಹಳ್ಳಿಯು ರಾಜಮನೆತನದ ಗೌರವಾರ್ಥ ನರಸಿಂಹರಾಜಪುರವಾಯಿತು. ಕೆಮ್ಮಣ್ಣುಗುಂಡಿಗೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರಿದ್ದರೂ ಜನರ ನಾಲಗೆಯಲ್ಲಿ ಕೆಮ್ಮಣ್ಣೇ ಉಳಿಯಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಒದಗಿಸಿದ್ದು ಇದೇ ಬೆಟ್ಟ. ಭೂವಿಜ್ಞಾನಿಗಿಂತ ಮೊದಲೇ ಮಣ್ಣಿನ ಬಣ್ಣವನ್ನು ಕಂಡವರು ಈ ಹೆಸರಿಟ್ಟವರು.

ಆದರೂ ನಮ್ಮ ಅಧ್ಯಯನಗಳು ಪಟ್ಟಣ ಮತ್ತು ಗಿರಿಶಿಖರಗಳಲ್ಲೇ ಬಹುವಾಗಿ ನಿಂತುಬಿಟ್ಟಿವೆ. ಮಲೆನಾಡಿನ ನಿಜವಾದ ನಾಮಸಂಪತ್ತು ಇರುವುದು ವಾರ್ಗಿಕಗಳಲ್ಲಿ. ಮಳೆನೀರನ್ನೇ ನಂಬಿದ ಮೇಲುಗದ್ದೆ ಮಕ್ಕಿ. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು. ಬಿಸಿಲು ನೆಲ ಮುಟ್ಟದ ದಟ್ಟ ಕಾಡು ಕಾನು. ಸಣ್ಣ ವಸತಿ ಕೊಪ್ಪ. ಈ ಪದಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ನೀರು, ಇಳಿಜಾರು ಮತ್ತು ಬೇಸಾಯದ ವಿನ್ಯಾಸವೇ ಕಣ್ಣಿಗೆ ಕಟ್ಟುತ್ತದೆ. ಬಸರಿಕಟ್ಟೆ, ಬಾಳೆಹೊಳೆಯಂತಹ ಹೆಸರುಗಳಿಗೆ ಅರಸನೂ ಬೇಕಿಲ್ಲ, ಋಷಿಯೂ ಬೇಕಿಲ್ಲ.

ದೊಡ್ಡ ಊರುಗಳ ಹೆಸರುಗಳನ್ನು ಶಾಸನಗಳು ಕಾಪಾಡಿವೆ. ಗದ್ದೆಯ ಹೆಸರಿಗೆ ಅಂತಹ ಆಸರೆ ವಿರಳ. ಪಹಣಿಯಲ್ಲಿ ಗದ್ದೆಯನ್ನು ಗುರುತಿಸುವುದು ಸರ್ವೆ ನಂಬರು. ಗದ್ದೆ ಪಾಳು ಬಿದ್ದಾಗ, ಕಾಫಿಯೋ ಅಡಿಕೆಯೋ ಆ ಜಾಗವನ್ನು ತುಂಬಿದಾಗ, ಮಕ್ಕಿಗೂ ಬೈಲಿಗೂ ಇದ್ದ ಭೇದ ಮೊದಲು ಮಾತಿನಿಂದ, ಆಮೇಲೆ ನೆನಪಿನಿಂದ ಮರೆಯಾಗುತ್ತದೆ. ಆದುದರಿಂದ ಸ್ಥಳನಾಮ ಸಂಶೋಧಕನು ಶಾಸನ ಸಂಪುಟದೊಡನೆ ಉಳುವವರ ಬಳಿಗೂ ಹೋಗಬೇಕು. ಪ್ರತಿ ಸರ್ವೆ ನಂಬರಿನ ಎದುರು ಅದರ ಹಳೆಯ ಹೆಸರನ್ನೂ, ಅದರ ಕಥೆಯನ್ನೂ ಬೇರೆಬೇರೆಯಾಗಿ ದಾಖಲಿಸಬೇಕು. ಆ ಹೆಸರು ಹೇಳಬಲ್ಲವರು ಇರುವಾಗಲೇ ಆಗಬೇಕಾದ ಕೆಲಸವಿದು.