ಬದಲಿ ಬಿಡಿಭಾಗದ ವಿವೇಕ: ತೆಂಗಿನ ಸೀಮೆಯಲ್ಲಿ ಪವರ್ ಸಪ್ಲೈ ದುರಸ್ತಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಎಲೆಕ್ಟ್ರಾನಿಕ್ ಬೋರ್ಡು ಇಲ್ಲದ ಕಸುಬು ಇಂದು ಕಡಿಮೆ. ತೋಟದ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್, ಹಾಲಿನ ಡೇರಿಯ ತೂಕದ ಯಂತ್ರ, ಕೊಬ್ಬರಿ ಮಂಡಿಯ ತಕ್ಕಡಿ, ತೆಂಗಿನಪುಡಿ ಕಾರ್ಖಾನೆಯ ಶಾಖ ನಿಯಂತ್ರಕ ಎಲ್ಲವೂ ಒಂದು ಪುಟ್ಟ ಪವರ್ ಸಪ್ಲೈಯನ್ನು, ಅಂದರೆ 230 ವೋಲ್ಟಿನ ಕರೆಂಟನ್ನು 5 ಅಥವಾ 12 ವೋಲ್ಟಿಗೆ ಇಳಿಸಿ ಸ್ಥಿರಗೊಳಿಸುವ ಭಾಗವನ್ನು ನಂಬಿಕೊಂಡಿವೆ. ಉಪಕರಣ ಸತ್ತಂತೆ ಕುಳಿತಾಗ ಮೊದಲು ಶಂಕೆಗೆ ಗುರಿಯಾಗುವುದೂ ಅದೇ ಭಾಗ. ಸುಟ್ಟದ್ದನ್ನು ಗುರುತಿಸಿದರೆ ದುರಸ್ತಿ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದ್ದರೂ, ಕೆಲಸದ ಕಠಿಣ ಪಾಲು ಶುರುವಾಗುವುದು ಅನಂತರ: ಅದೇ ನಂಬರಿನ ಬಿಡಿಭಾಗ ಸಿಗದಿದ್ದಾಗ ಯಾವುದನ್ನು ಹಾಕಬಹುದು, ಯಾವುದನ್ನು ಹಾಕಬಾರದು ಎಂಬ ನಿರ್ಧಾರ. ತಾಲ್ಲೂಕು ಪಟ್ಟಣದ ದುರಸ್ತಿ ಅಂಗಡಿಗಳಲ್ಲಿ ಈ ನಿರ್ಧಾರ ರೂಪುಗೊಳ್ಳುವ ರೀತಿ ಮೆಚ್ಚುಗೆಗೂ ಅರ್ಹ, ಕಟುವಾದ ಆಕ್ಷೇಪಕ್ಕೂ ಅರ್ಹ.

ಬಿಡಿಭಾಗಗಳ ದೊಡ್ಡ ಪೇಟೆ ಬೆಂಗಳೂರಿನ ಎಸ್‌.ಪಿ. ರಸ್ತೆ, ತಿಪಟೂರಿನಿಂದ ಅದು ಸುಮಾರು 140 ಕಿಲೋಮೀಟರ್. ಹತ್ತು ರೂಪಾಯಿಯ ಒಂದು ಕೆಪಾಸಿಟರಿಗಾಗಿ ಅಷ್ಟು ದೂರ ಹೋಗಲಾಗದು, ಪಂಪ್ ನಿಂತ ರೈತ ಪಾರ್ಸೆಲ್ಲಿಗಾಗಿ ಕಾಯಲಾರ. ಆದ್ದರಿಂದ ಅಂಗಡಿಯವರು ಗುಜರಿಗೆ ಬಂದ ಟಿವಿ, ಕಂಪ್ಯೂಟರ್, ಸೆಟ್‌ಟಾಪ್ ಬಾಕ್ಸುಗಳ ಬೋರ್ಡುಗಳನ್ನು ಕೂಡಿಟ್ಟು ಅವುಗಳಿಂದ ಭಾಗಗಳನ್ನು ಬಿಚ್ಚಿ ಬಳಸುವ ರೂಢಿ ಬೆಳೆಸಿಕೊಂಡಿದ್ದಾರೆ. ಇದನ್ನು ಅಗ್ಗದ ಜುಗಾಡ್ ಎಂದು ತಳ್ಳಿಹಾಕುವುದು ಅನ್ಯಾಯ. ಸುರುಳಿಗಳು, ಶಾಖ ಹೀರುವ ಅಲ್ಯೂಮಿನಿಯಂ ಪಟ್ಟಿಗಳು, ಪರೀಕ್ಷಿಸಿ ನೋಡಿದ ಡಯೋಡುಗಳು ಹಳೆಯ ಬೋರ್ಡಿನಿಂದ ಬಂದರೂ ಬಹುಕಾಲ ಬಾಳುತ್ತವೆ, ಮತ್ತು ಹೆಸರಾಂತ ತಯಾರಕರ ಹಳೆಯ ಭಾಗವು ಮೇಲಿನ ಅಕ್ಷರಗಳನ್ನು ಅಳಿಸಿ ಹೊಸದಾಗಿ ಬರೆದ ನಕಲಿ ಭಾಗಕ್ಕಿಂತ ಎಷ್ಟೋ ವಾಸಿ.

ಈ ಮೆಚ್ಚುಗೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗೆ ಸಲ್ಲದು. ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ಅದರ ಏರಿಳಿತವನ್ನು ಸಮಗೊಳಿಸುವ ಈ ಡಬ್ಬಿಯಾಕಾರದ ಭಾಗದೊಳಗೆ ದ್ರವವಿರುತ್ತದೆ. ಅದು ಶಾಖಕ್ಕೆ ನಿಧಾನವಾಗಿ ಆರುತ್ತ ಹೋದಂತೆ ಒಳಗಿನ ಪ್ರತಿರೋಧ, ಅಂದರೆ ಇಎಸ್‌ಆರ್, ಏರುತ್ತದೆ. ಅಟ್ಟದ ಮೇಲಿನ ಕಾಯಿ ಒಣಗಿತೆಂಬುದನ್ನು ಒಳಗಿನ ಗಿಟುಕು ಅಲುಗಾಡಿ ತಾನೇ ಸಾರಿದಂತೆ ಒಣಗಿದ ಕೆಪಾಸಿಟರ್ ಸಾರುವುದಿಲ್ಲ; ತಲೆ ಉಬ್ಬದೆ, ಸಾಮಾನ್ಯ ಮೀಟರಿನಲ್ಲಿ ಸರಿಯಾದ ಮೈಕ್ರೋಫ್ಯಾರಡ್ ತೋರಿಸುತ್ತಲೇ ಅದು ಕೆಲಸಕ್ಕೆ ಬಾರದಂತಾಗಿರಬಹುದು. ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕರೆಂಟನ್ನು ಕಡಿದು ಜೋಡಿಸುವ ಇಂದಿನ ಎಸ್‌ಎಂಪಿಎಸ್ ಮಾದರಿಯ ಸಪ್ಲೈಯಲ್ಲಿ ಇಎಸ್‌ಆರ್ ಕಡಿಮೆಯಿರುವುದೇ ಮುಖ್ಯ. ಆದರೂ ಅಂಗಡಿಗಳಲ್ಲಿ ನೋಡುವುದು ಹೆಚ್ಚಾಗಿ ಎರಡೇ ಅಂಕಿಗಳನ್ನು, ಮೈಕ್ರೋಫ್ಯಾರಡ್ ಮತ್ತು ವೋಲ್ಟ್. ಮೂರನೆಯದಾದ ಶಾಖದ ಮಿತಿ ಲೆಕ್ಕಕ್ಕೆ ಬರುವುದು ವಿರಳ. ಶಾಖ 10 ಡಿಗ್ರಿ ಇಳಿದಂತೆಲ್ಲ ಕೆಪಾಸಿಟರಿನ ಆಯುಸ್ಸು ಸರಿಸುಮಾರು ಇಮ್ಮಡಿಯಾಗುತ್ತದೆಂಬ ಒಪ್ಪಿತ ಲೆಕ್ಕವನ್ನು ಹಿಡಿದರೆ, 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಭಾಗ 65 ಡಿಗ್ರಿಯ ಪೆಟ್ಟಿಗೆಯೊಳಗೆ 32,000 ಗಂಟೆ, ಅಂದರೆ ಮೂರೂವರೆ ವರ್ಷಕ್ಕೂ ಮೀರಿ ಬಾಳಬೇಕು. ಅದೇ ಜಾಗದಲ್ಲಿ 85 ಡಿಗ್ರಿಯ 2,000 ಗಂಟೆಯ ಭಾಗಕ್ಕೆ ಸಿಗುವುದು 8,000 ಗಂಟೆ, ವರ್ಷಕ್ಕೂ ಕಡಿಮೆ. ಬಿಸಿಲಿಗೆ ಮೈಯೊಡ್ಡಿದ ಕಬ್ಬಿಣದ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಈ ವ್ಯತ್ಯಾಸವೇ ಮುಂದಿನ ಬೇಸಿಗೆಗೆ ಪಂಪ್ ಓಡುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಗುಜರಿ ಬೋರ್ಡಿನ ಕೆಪಾಸಿಟರನ್ನು ಮರುಬಳಸುವ ರೂಢಿಯಂತೂ ಸಂಪೂರ್ಣ ಕೈಬಿಡಬೇಕಾದದ್ದು, ಏಕೆಂದರೆ ಅದು ಅರ್ಧ ಆಯುಸ್ಸು ಕಳೆದುಕೊಂಡೇ ಬಂದಿರುತ್ತದೆ.

ದೊಡ್ಡ ಅಂಕಿಯ ಭಾಗ ಯಾವಾಗಲೂ ಒಳ್ಳೆಯದೆಂಬ ನಂಬಿಕೆಯೂ ಇಷ್ಟೇ ಹಾನಿ ಮಾಡುತ್ತದೆ. 12 ವೋಲ್ಟಿನ ಸಪ್ಲೈಯ ಹೊರತುದಿಯಲ್ಲಿ 1ಎನ್5822 ಎಂಬ 40 ವೋಲ್ಟ್, 3 ಆಂಪಿಯರಿನ ಶಾಟ್ಕಿ ಡಯೋಡ್ ಸುಟ್ಟಿದೆ ಎಂದಿಟ್ಟುಕೊಳ್ಳೋಣ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 1ಎನ್5408 ಅದೇ 3 ಆಂಪಿಯರಿನದು, ತಡೆಯುವ ವೋಲ್ಟ್ 1,000. ಕಾಗದದ ಮೇಲೆ ಅದು ಮೇಲುಗೈ ಪಡೆದರೂ, 50 ಹರ್ಟ್ಸಿನ ಸಾಮಾನ್ಯ ಕರೆಂಟಿಗಾಗಿ ಮಾಡಿದ ಆ ಡಯೋಡ್ ಎಸ್‌ಎಂಪಿಎಸ್‌ನ ವೇಗಕ್ಕೆ ತಕ್ಕಂತೆ ಮುಚ್ಚಿಕೊಳ್ಳಲಾರದೆ ಕಾದು, ತಾನೂ ಸುಟ್ಟು ಪಕ್ಕದ ಭಾಗಗಳನ್ನೂ ಕೆಡಿಸುತ್ತದೆ. ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್ಟಿನಲ್ಲಿ ತಪ್ಪು ಇದರ ವಿರುದ್ಧ ದಿಕ್ಕಿನದು: 600 ವೋಲ್ಟಿನ 7ಎನ್60 ಇದ್ದಲ್ಲಿ ಆಂಪಿಯರ್ ಹೆಚ್ಚಿದೆಯೆಂಬ ಸಮಾಧಾನದಿಂದ 500 ವೋಲ್ಟಿನ ಐಆರ್‌ಎಫ್840 ಹಾಕಿದರೆ, ಟ್ರಾನ್ಸ್‌ಫಾರ್ಮರಿನಿಂದ ಹಿಂದಿರುಗುವ ವೋಲ್ಟಿನ ಹೊಡೆತವನ್ನು ಅದು ತಾಳುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಕಾಣೆಯಾಗಿರುವುದು ಆ ಜಾಗದಲ್ಲಿ ಭಾಗ ಮಾಡುತ್ತಿದ್ದ ಕೆಲಸದ ತಿಳಿವಳಿಕೆ.

ಇಲ್ಲಿ ಸೀಮೆಯ ಕರೆಂಟಿನ ಸ್ವಭಾವವನ್ನೂ ಗಮನಿಸಬೇಕಾಗುತ್ತದೆ. ತೋಟಗಳಿಗೆ ತ್ರೀ ಫೇಸ್ ಸಿಗುವುದು ದಿನದ ಕೆಲವು ಗಂಟೆ ಮಾತ್ರ. ಉಳಿದ ಹೊತ್ತು ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲೇ ಮೋಟರ್ ಓಡಿಸುವ ಅಭ್ಯಾಸ ಹಲವೆಡೆ ಇದೆ, ಅದರಿಂದ ಲೈನಿನ ವೋಲ್ಟೇಜ್ ಕುಸಿಯುತ್ತದೆ. ಎಲ್ಲ ಪಂಪುಗಳೂ ಒಮ್ಮೆಗೇ ನಿಂತಾಗ ಅದು ಏರುತ್ತದೆ. 230 ವೋಲ್ಟಿನ ಎಸಿಯನ್ನು ಡಿಸಿ ಮಾಡಿದಾಗ ಮೊದಲ ಕೆಪಾಸಿಟರಿನ ಮೇಲೆ ಸುಮಾರು 325 ವೋಲ್ಟ್ ನಿಲ್ಲುತ್ತದೆ. ಲೈನು 270ಕ್ಕೆ ಏರಿದರೆ ಅದು 380 ದಾಟುತ್ತದೆ, 400 ವೋಲ್ಟಿನ ಕೆಪಾಸಿಟರಿಗೆ ಉಳಿಯುವ ಅಂತರ ಇಪ್ಪತ್ತು ವೋಲ್ಟೂ ಇಲ್ಲ. ಆದ್ದರಿಂದ 400ರ ಜಾಗಕ್ಕೆ 450ರದನ್ನು ಹಾಕುವ ಕೆಲವು ಅನುಭವಿಗಳ ರೂಢಿ, ಮೂಲ ತಯಾರಕರ ಆಯ್ಕೆಗಿಂತಲೂ ಈ ಸೀಮೆಗೆ ಹೊಂದುವ ಸುಧಾರಣೆ. ಟಿಸಿಯ, ಅಂದರೆ ಊರಿನ ವಿದ್ಯುತ್ ಟ್ರಾನ್ಸ್‌ಫಾರ್ಮರಿನ, ಬಳಿ ನ್ಯೂಟ್ರಲ್ ತಂತಿ ಕಡಿದಾಗ ಮಾತ್ರ ಮನೆಗಳಿಗೆ 400 ವೋಲ್ಟಿನವರೆಗೂ ನುಗ್ಗಬಹುದಾದ್ದರಿಂದ ಈ ಮುನ್ನೆಚ್ಚರಿಕೆಯೂ ಸಾಲದು. ಎರಡು ಫೇಸ್‌ಗಳ ನಡುವಿನ 415 ವೋಲ್ಟಿನಿಂದಲೇ ನಡೆಯುವ ಸ್ಟಾರ್ಟರ್ ಬೋರ್ಡುಗಳಲ್ಲಿ ಎರಡು ಕೆಪಾಸಿಟರುಗಳನ್ನು ಸಾಲಾಗಿ ಜೋಡಿಸಿ, ಹೊರೆ ಸಮನಾಗಿ ಹಂಚಿಕೆಯಾಗಲೆಂದು ಪ್ರತಿಯೊಂದಕ್ಕೂ ಒಂದು ರೆಸಿಸ್ಟರ್ ಕೊಟ್ಟಿರುವುದುಂಟು. ಸಿಡಿದ ಒಂದನ್ನು ಮಾತ್ರ ಬದಲಿಸಿ, ಕೆಟ್ಟ ರೆಸಿಸ್ಟರನ್ನು ಹಾಗೆಯೇ ಬಿಟ್ಟ ದುರಸ್ತಿ ಹೆಚ್ಚು ದಿನ ನಿಲ್ಲದು.

ಅತ್ಯಂತ ಕಟುವಾಗಿ ಆಕ್ಷೇಪಿಸಬೇಕಾದದ್ದು ಸುರಕ್ಷತೆಗೆಂದೇ ಇರುವ ಭಾಗಗಳ ವಿಷಯದಲ್ಲಿ ನಡೆಯುವ ಉದಾಸೀನವನ್ನು. ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಬೆಸೆಯುವುದು, ಅತಿವೋಲ್ಟನ್ನು ತಾನು ನುಂಗಿ ಸಾಯುವ ಎಂಒವಿ ಎಂಬ ಬಿಲ್ಲೆಯನ್ನು ಕಿತ್ತು ಹೊಸದನ್ನು ಹಾಕದೆ ಬಿಡುವುದು, ಇವು ಆ ದಿನಕ್ಕೆ ಉಪಕರಣವನ್ನು ಓಡಿಸುತ್ತವೆ, ಆದರೆ ಮುಂದಿನ ಸಿಡಿಲಿಗೆ ಬೋರ್ಡನ್ನು ಬೆತ್ತಲೆಯಾಗಿ ನಿಲ್ಲಿಸುತ್ತವೆ. ಕರೆಂಟಿನ ಬದಿಯನ್ನೂ ಹೊರತುದಿಯ ಬದಿಯನ್ನೂ ಬೆಸೆಯುವ ವೈ ಕೆಪಾಸಿಟರ್ ಇನ್ನೂ ಸೂಕ್ಷ್ಮ. ಕೆಟ್ಟರೂ ಒಳಗೆ ಶಾರ್ಟ್ ಆಗದಂತೆ ವಿಶೇಷವಾಗಿ ತಯಾರಿಸಿ ಪ್ರಮಾಣೀಕರಿಸಿದ ಈ ನೀಲಿ ಬಿಲ್ಲೆಯ ಬದಲು, ನೋಡಲು ಅದರಂತೆಯೇ ಇರುವ ಸಾಮಾನ್ಯ ಸೆರಾಮಿಕ್ ಬಿಲ್ಲೆ ಕೂತು ಅದು ಶಾರ್ಟ್ ಆದರೆ, ಡೇರಿಯ ತೂಕದ ಯಂತ್ರದ ಲೋಹದ ತಟ್ಟೆಗೇ ಕರೆಂಟು ಹರಿಯಬಹುದು. ಒದ್ದೆ ನೆಲ, ಒದ್ದೆ ಕೈ, ಭದ್ರವಿಲ್ಲದ ಅರ್ಥಿಂಗ್ ಇರುವಲ್ಲಿ ಇದು ಪ್ರಾಣದ ಪ್ರಶ್ನೆ. ಸರಿಯಾದ ಭಾಗ ಕೈಗೆ ಸಿಗುವವರೆಗೆ ಉಪಕರಣವನ್ನು ಹಿಂದಿರುಗಿಸದಿರುವುದೊಂದೇ ಇಲ್ಲಿ ಒಪ್ಪಬಹುದಾದ ದಾರಿ.

ಮಂಡಿಯ ತಕ್ಕಡಿಯ ದುರಸ್ತಿಯಲ್ಲಿ ಹಣಕಾಸಿನ ನ್ಯಾಯವೂ ಸೇರಿಕೊಳ್ಳುತ್ತದೆ. ಸಪ್ಲೈ ಅಲುಗಾಡಿದರೆ ತೂಕದ ಕೊನೆಯ ಅಂಕಿಗಳೂ ಅಲುಗಾಡುತ್ತವೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿಪಡಿಸಿದ ಕ್ವಿಂಟಾಲಿಗೆ 12,100 ರೂಪಾಯಿಯ ಬೆಂಬಲ ಬೆಲೆಯಲ್ಲೇ ಲೆಕ್ಕ ಹಾಕಿದರೂ 200 ಗ್ರಾಂ ಏರುಪೇರು ಒಂದು ತೂಕಕ್ಕೆ 24 ರೂಪಾಯಿಯಾಗುತ್ತದೆ. 2009ರ ಕಾನೂನು ಮಾಪನ ಕಾಯ್ದೆಯು ತಕ್ಕಡಿ ದುರಸ್ತಿಗೆ ಪರವಾನಗಿಯನ್ನೂ, ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಪರಿಶೀಲನೆ ಮತ್ತು ಮುದ್ರೆಯನ್ನೂ ಕಡ್ಡಾಯಗೊಳಿಸಿರುವುದರ ಅರ್ಥ ಇದೇ.

ದೋಷದ ಹೊಣೆಯನ್ನೆಲ್ಲ ಅಂಗಡಿಯವರ ಮೇಲೆ ಹೊರಿಸಿದರೆ ವಿಮರ್ಶೆ ಏಕಪಕ್ಷೀಯವಾದೀತು. ಬೋರ್ಡಿನ ನಕ್ಷೆ ಕೊಡದ, ಐಸಿಯ ಮೇಲಿನ ನಂಬರನ್ನು ಬೇಕೆಂದೇ ಕೆರೆದು ಕಳುಹಿಸುವ ತಯಾರಕರು ಈ ಊಹಾಪೋಹದ ದುರಸ್ತಿಯನ್ನು ತಾವೇ ಹುಟ್ಟಿಸಿದ್ದಾರೆ. ಸಪ್ಲೈಯನ್ನು ಪೂರ್ತಿ ಕಿತ್ತು, ನಾಲ್ಕೈದು ತಂತಿಗಳ ಸಿದ್ಧ ಕಿಟ್ ಜೋಡಿಸುವ ರೂಢಿ ಟಿವಿ ದುರಸ್ತಿಯಲ್ಲಿ ಬೆಳೆದದ್ದು ಇದರ ಫಲ. ಅದು ಕೆಲಸ ಮಾಡುತ್ತದೆ, ಆದರೆ ಕುಶಲತೆಯನ್ನು ಬೆಳೆಸುವುದಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿ, ಕೃಷಿ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ತಂದು, ಅದೇ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆದದ್ದು ಸ್ವಾಗತಾರ್ಹ. ಆದರೆ ತಾಲ್ಲೂಕಿನ ಅಂಗಡಿಗೆ ನಿಜಕ್ಕೂ ಬೇಕಾಗಿರುವುದು ಅಂಥ ತಾಣದಲ್ಲಿ ಸಿಗುವ ಸೇವಾಕೇಂದ್ರಗಳ ವಿಳಾಸಕ್ಕಿಂತ ಮಿಗಿಲಾಗಿ ಬೋರ್ಡಿನ ನಕ್ಷೆ ಮತ್ತು ಒಂದೊಂದು ಭಾಗದ ಮಿತಿಗಳ ಪಟ್ಟಿ. ಸ್ಟಾರ್ಟರ್ ತಯಾರಕರು ಅದನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೇ ಅಂಟಿಸಿ ಕೊಡಬಹುದು.

ಅಲ್ಲಿಯವರೆಗೆ ಅಂಗಡಿಯವರೇ ಒಂದು ಪದ್ಧತಿಯನ್ನು ಆರಂಭಿಸಬೇಕು: ತೆಗೆದ ಭಾಗದ ನಂಬರು, ಹಾಕಿದ ಭಾಗದ ನಂಬರು, ಅದರ ವೋಲ್ಟ್ ಮತ್ತು ಶಾಖದ ಮಿತಿ, ದಿನಾಂಕ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಅಂಟಿಸಿ, ಹಳೆಯ ಭಾಗವನ್ನು ಮಾಲೀಕರ ಕೈಗೆ ಕೊಡಬೇಕು. ದುರಸ್ತಿಯ ಹಣ ಕೊಡುವ ಮೊದಲು ಆ ಚೀಟಿಯನ್ನು ಕೇಳಿ ಪಡೆಯುವುದು ರೈತರ, ಡೇರಿ ಕಾರ್ಯದರ್ಶಿಗಳ, ಮಂಡಿ ವರ್ತಕರ ಕೆಲಸ.