ಕ್ರಮವಿಧಿಗಳ ಸ್ವಾರ್ಥ: ಒಂದು ವಿಮರ್ಶೆ

ಅಮೆರಿಕದ ರಾಜ್ಯಶಾಸ್ತ್ರಜ್ಞರಾದ ರಾಬರ್ಟ್ ಆಕ್ಸೆಲ್‌ರಾಡರು ಸಹಕಾರದ ವಿಕಾಸವನ್ನು ಕುರಿತು 1984ರಲ್ಲಿ ಪ್ರಕಟಿಸಿದ ಗ್ರಂಥವು ಕೃತಕಬುದ್ಧಿಯ ಚರ್ಚೆಗಳಲ್ಲಿ ಇಂದಿಗೂ ಪ್ರಮಾಣವೆಂಬಂತೆ ಉದಾಹೃತವಾಗುತ್ತಿರುವುದು. ಆದುದರಿಂದ ಅದರ ಪದಪ್ರಯೋಗವನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಗ್ರಂಥಕರ್ತರು ವಿದ್ವಾಂಸರಿಂದ ಕಂಪ್ಯೂಟರ್ ಪ್ರೋಗ್ರಾಮುಗಳನ್ನು, ಎಂದರೆ ಕ್ರಮವಿಧಿಗಳನ್ನು, ತರಿಸಿ ಎರಡೆರಡಾಗಿ ಪಂದ್ಯಕ್ಕೆ ಬಿಟ್ಟರು. ಇಬ್ಬರೂ ಸಹಕರಿಸಿದರೆ ತಲಾ 3 ಅಂಕ. ಇಬ್ಬರೂ ವಂಚಿಸಿದರೆ ತಲಾ 1. ಒಬ್ಬನೇ ವಂಚಿಸಿದರೆ ಅವನಿಗೆ 5, ನಂಬಿದವನಿಗೆ ಸೊನ್ನೆ. ಮೊದಲ ಪಂದ್ಯಕ್ಕೆ ಬಂದ 14ರಲ್ಲಿಯೂ ಎರಡನೆಯದಕ್ಕೆ ಬಂದ 62ರಲ್ಲಿಯೂ ಗೆದ್ದುದು ಅನಾಟೋಲ್ ರಾಪೊಪೋರ್ಟರ ‘ಮುಯ್ಯಿಗೆ ಮುಯ್ಯಿ’. ಮೊದಲು ಸಹಕರಿಸುವುದು, ಅನಂತರ ಎದುರಾಳಿ ಹಿಂದಿನ ಸರದಿಯಲ್ಲಿ ಮಾಡಿದುದನ್ನೇ ಮಾಡುವುದು. ಇಷ್ಟೇ ಅದರ ಸ್ವರೂಪ. ಯಾವ ಜೋಡಿಯಾಟದಲ್ಲಿಯೂ ಅದು ಎದುರಾಳಿಯನ್ನು ಮೀರಲಾರದು. ಆದರೂ ಒಟ್ಟು ಮೊತ್ತದಲ್ಲಿ ಮುಂದು. ಈ ಸೂತ್ರಲಾಘವವು ವೈಯಾಕರಣರಿಗೂ ಸಂತೋಷಕರವೇ!

ಆದರೆ ಗ್ರಂಥಕರ್ತರು ಇಂಥ ವಿಧಿಯನ್ನು ಒಳ್ಳೆಯದು, ಕ್ಷಮಾಶೀಲವಾದುದು ಎಂದು ಕರೆಯುವರು. ತಾವು ಕೊಟ್ಟ ಪಾರಿಭಾಷಿಕಾರ್ಥದಲ್ಲಿಯೇ ಎಂಬುದು ದಿಟ. ನಮ್ಮ ಆಕ್ಷೇಪವಿರುವುದು ಲಕ್ಷಣೆಯ ಮೇಲಲ್ಲ; ಅದು ಲಕ್ಷಣೆಯೆಂಬುದನ್ನು ಅನಂತರದವರು ಮರೆತು, ವಿಧಿಗಳನ್ನೇ ಸ್ವಾರ್ಥಿಗಳೆನ್ನುವುದರ ಮೇಲೆ.

ಸ್ವಾರ್ಥಶಬ್ದದ ಮುಖ್ಯಾರ್ಥವನ್ನು ಶಾಂತಿಪರ್ವದ ಮಾರ್ಜಾರಮೂಷಿಕ ಸಂವಾದದಲ್ಲಿ ನೋಡಬಹುದು. ನೆಲದ ಮೇಲೆ ಮುಂಗುಸಿ, ಮರದ ಮೇಲೆ ಗೂಗೆ. ಪಲಿತನೆಂಬ ಇಲಿಗೆ ಬಲೆಯಲ್ಲಿ ಸಿಕ್ಕಿದ ಬೆಕ್ಕಿನ ಮಗ್ಗುಲೇ ಗತಿ. ಬೆಕ್ಕು ಎಷ್ಟು ಅವಸರಪಡಿಸಿದರೂ ಪಲಿತನು ಕೊನೆಯ ಎಳೆಯನ್ನು ಬೇಡನು ಕಣ್ಣಿಗೆ ಬೀಳುವವರೆಗೂ ಕಡಿಯಲಿಲ್ಲ. ಬಿಡುಗಡೆಯಾದ ಬೆಕ್ಕಿಗೆ ಆಗ ಓಡುವುದೊಂದೇ ಕೆಲಸ. ಆಕ್ಸೆಲ್‌ರಾಡರ ಸಹಕಾರವು ಮತ್ತೆ ಭೇಟಿಯಾಗುವೆವೆಂಬ ನಿರೀಕ್ಷೆಯ ಮೇಲೆ ನಿಂತಿದೆ. ಪಲಿತನದು ಮತ್ತೆ ಭೇಟಿಯಾಗಬಾರದೆಂಬ ನಿಶ್ಚಯದ ಮೇಲೆ. ತಪ್ಪಿದರೆ ಹೋಗುವುದು ಅವನ ಪ್ರಾಣವೇ.

ಕ್ರಮವಿಧಿಗೆ ಹೋಗುವುದೇನು? 2004ರಲ್ಲಿ ಇಂಥದೇ ಪಂದ್ಯಕ್ಕೆ ಇಂಗ್ಲೆಂಡಿನ ಸೌತ್‌ಹ್ಯಾಂಪ್ಟನ್ ವಿಶ್ವವಿದ್ಯಾನಿಲಯದವರು ಅನೇಕ ವಿಧಿಗಳನ್ನು ಕೂಡಿಸಿ ಕಳುಹಿಸಿದರು. ಅವು ಆರಂಭದ ಕೆಲವು ನಡೆಗಳನ್ನೇ ಸಂಕೇತವಾಗಿಟ್ಟುಕೊಂಡು ಒಂದನ್ನೊಂದು ಗುರುತಿಸಿದುವು; ಬಳಿಕ ದಾಸವಿಧಿಗಳು ತಾವು ಸೋತು ಯಜಮಾನವಿಧಿಗಳಿಗೆ ಅಂಕ ಕೊಡಿಸಿದುವು. ಮೊದಲ ಮೂರು ಸ್ಥಾನಗಳೂ ಆ ತಂಡಕ್ಕೇ. ದಾಸವಿಧಿಗಳು ಪಟ್ಟಿಯ ತಳದಲ್ಲಿ. ಇದನ್ನು ತ್ಯಾಗವೆನ್ನುವವರುಂಟೆ? ಸ್ವಾರ್ಥವಿದ್ದುದು ಕಳುಹಿಸಿದವರಲ್ಲಿ, ವಿಧಿಗಳು ಕರಣಮಾತ್ರ. ಕೊಡಲಿ ಕಡಿಯಿತೆಂದರೂ ಕಡಿದವನು ದೇವದತ್ತನೇ ಎಂಬುದು ನಮ್ಮ ಪಾಠಶಾಲೆಯ ಚಿಕ್ಕ ಹುಡುಗರಿಗೂ ತಿಳಿದುದು.

ಈಗ ಕ್ರಯವಿಕ್ರಯಗಳಿಗೂ ಇಂಥ ಪ್ರತಿನಿಧಿಗಳನ್ನು ನೇಮಿಸುತ್ತಿರುವರು. ಇಬ್ಬರು ವರ್ತಕರ ವಿಧಿಗಳು ಬೆಲೆಯೇರಿಸುವುದರಲ್ಲಿ ಪರಸ್ಪರ ಹೊಂದಿಕೊಂಡರೆ, ಗ್ರಂಥದ ಪರಿಭಾಷೆಯಂತೆ ಅದೂ ಸಹಕಾರವೇ. ವರ್ತಕರ ಇಂಥ ಕೂಟವನ್ನು ತಡೆಯಬೇಕೆಂದು ಆಕ್ಸೆಲ್‌ರಾಡರೂ ಒಪ್ಪುವರು. ಆದರೆ ಅವರ ಕೋಷ್ಟಕದಲ್ಲಿ ಕೊಳ್ಳುವವನ ಅಂಕವನ್ನು ಬರೆಯುವುದಕ್ಕೆ ಮನೆಯೇ ಇಲ್ಲ.