ನೋಡುವ ಕೆಲಸಕ್ಕೂ ಕೂಲಿ ಬೇಕು

ಸೇಡಂ, ವಾಡಿ, ಶಹಾಬಾದ್ ಕಡೆಯ ಗ್ಯಾರೇಜುಗಳ ಕೈಕೆಲಸದ ಬಗ್ಗೆ ನನಗೆ ತಕರಾರಿಲ್ಲ. ಸಪಾಟು ನೆಲವೂ ಸರಿಯಾದ ಜಾಕೂ ಇಲ್ಲದ ಕಡೆ, ಬೇವಿನ ನೆರಳಿನಲ್ಲಿ ಮಲಗಿಕೊಂಡೇ ಗೇರ್ ಬಾಕ್ಸ್ ಇಳಿಸಿ ಏರಿಸುವ ಮಿಸ್ತ್ರಿಗಳು ಇಲ್ಲಿದ್ದಾರೆ. ನನ್ನ ತಕರಾರು ಬಿಚ್ಚುವುದಕ್ಕೂ ಮೊದಲಿನ ಕೆಲಸದ ಬಗ್ಗೆ. ಹಳೆ ಫೋರ್ ವ್ಹೀಲ್ ಜೀಪಿನಲ್ಲಿ ಆಯಿಲ್ ಎಲ್ಲಿಂದ ಹೊರಟಿದೆ ಎಂದು ಹುಡುಕುವ ಹೆಜ್ಜೆಯನ್ನೇ ನಮ್ಮ ಕಡೆ ಹಾರಿ ದಾಟಿಬಿಡುತ್ತಾರೆ. ಗಾಡಿಯ ಕೆಳಗೆ ಒಮ್ಮೆ ಇಣುಕಿ, "ಸೀಲ್ ಹೋಗ್ಯಾದ್ರೀ, ಹಾಕ್ತೀನಿ ತಗೋರಿ" ಅನ್ನುತ್ತಾರೆ. ಯಾವ ಸೀಲ್ ಎಂದು ಕೇಳುವ ಮಾಲಕರೂ ಕಡಿಮೆ.

ಸೇಡಂ ಬಳಿಯ ಕೋಡ್ಲಾದ ಸುತ್ತ ಈ ಅವಸರಕ್ಕೆ ಬೀಳುವ ದಂಡ ಹೆಚ್ಚು. ಭೀಮಾ ಕಣಿವೆಯ ಸುಣ್ಣಕಲ್ಲಿನ ಪದರಗಳಿಂದಲೇ ಶಹಾಬಾದ್ ಫರಸಿ ಬರುತ್ತದೆ. ಅದೇ ಕಲ್ಲನ್ನು ನಂಬಿ ವಾಡಿ, ಸೇಡಂ, ಮಳಖೇಡ, ಕೋಡ್ಲಾಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿವೆ. ಖಣಿ ರಸ್ತೆಯಲ್ಲಿ ಓಡಾಡುವ ಜೀಪಿನ ಹೊಟ್ಟೆಗೆ ಈ ಬಿಳಿ ಧೂಳು ಅಂಟದೆ ಇರದು. ಒಂದು ಹನಿ ಆಯಿಲ್ ಜಿನುಗಿದರೂ ಧೂಳು ಅದನ್ನು ಹೀರಿ ಗಟ್ಟಿಯಾದ ಕರಿ ಮೆತ್ತೆಯಾಗುತ್ತದೆ. ವರ್ಷಗಟ್ಟಲೆ ಕೂತ ಆ ಮೆತ್ತೆಯ ಕೆಳಗೆ ಇಂಜಿನ್, ಗೇರ್ ಬಾಕ್ಸ್, ಆಕ್ಸಲ್ ಹೌಸಿಂಗ್ ಎಲ್ಲ ಒಂದೇ ಬಣ್ಣ. ಅದನ್ನು ನೋಡಿ ಸೋರಿಕೆಯ ಮೂಲ ಹೇಳುತ್ತೇನೆ ಅನ್ನುವವನು ಊಹೆ ಮಾಡುತ್ತಿದ್ದಾನೆ, ಅಷ್ಟೇ.

ಅದೇ ಧೂಳನ್ನು ನಮ್ಮ ಪರ ತಿರುಗಿಸಿಕೊಳ್ಳಬಹುದು. ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್‌ನಿಂದ ಮೆತ್ತೆಯನ್ನೆಲ್ಲ ಕೆರೆದು, ಒರೆಸಿ ಒಣಗಿಸಿ, ಗಾಡಿಯನ್ನು ಖಣಿ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ತಂದರೆ ಒಣ ಜಾಗದಲ್ಲಿ ಧೂಳು ಬೆಳ್ಳಗೆ ಕೂತಿರುತ್ತದೆ, ಜಿನುಗುವ ಜಾಗ ಕಪ್ಪಗೆ ಎದ್ದು ಕಾಣುತ್ತದೆ. ಬೇರೆ ಊರಿನವರು ಇದಕ್ಕಾಗಿ ಟಾಲ್ಕಂ ಪೌಡರ್ ಉದುರಿಸುತ್ತಾರೆ, ಆಯಿಲ್‌ಗೆ ಬಣ್ಣ ಬೆರೆಸಿ ನೀಲಿ ದೀಪ ಹಿಡಿಯುತ್ತಾರೆ. ನಮಗೆ ಆ ಪುಡಿ ಪುಕ್ಕಟೆ ಸಿಗುತ್ತದೆ. ಹಸಿಯಾದ ಕಡೆಗಳಲ್ಲೆಲ್ಲ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವುದನ್ನು ಹುಡುಕಬೇಕು. ಆಯಿಲ್ ಕೆಳಗಿಳಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಹನಿ ಬೀಳುವ ಜಾಗ ಮೂಲ ಆಗಿರುವುದು ಅಪರೂಪ.

ಈ ಹುಡುಕಾಟವನ್ನು ಬಿಟ್ಟಿದ್ದರಿಂದ ಆಗುವ ನಷ್ಟ ಎಷ್ಟೆಂದು ತಿಳಿಯಲು ಬೆಲ್ ಹೌಸಿಂಗ್ ಒಂದೇ ಸಾಕು. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ, ಕ್ಲಚ್ ಕೂತಿರುವ ಆ ಡಬ್ಬಿಯ ಅಡಿಯಿಂದ ಆಯಿಲ್ ತೊಟ್ಟಿಕ್ಕಿದರೆ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅದನ್ನು ಬದಲಿಸಲು ಗೇರ್ ಬಾಕ್ಸ್ ಇಳಿಯಬೇಕು, ಕ್ಲಚ್ ಬಿಚ್ಚಬೇಕು. ಎಷ್ಟೋ ಸಲ ನಿಜವಾದ ಕಳ್ಳ ಮೇಲಿರುತ್ತಾನೆ: ಟ್ಯಾಪಿಟ್ ಕವರಿನ ಪ್ಯಾಕಿಂಗ್ ಹಿಂದಿನ ಮೂಲೆಯಲ್ಲಿ ಒಣಗಿ, ಅಲ್ಲಿಂದ ಆಯಿಲ್ ಇಂಜಿನ್ನಿನ ಬೆನ್ನ ಮೇಲೆ ಹರಿದು ಅದೇ ಜಾಗಕ್ಕೆ ಇಳಿದಿರುತ್ತದೆ. ಇನ್ನು ಕೆಲವು ಸಲ ಅದು ಇಂಜಿನ್ ಆಯಿಲೇ ಅಲ್ಲ, ಗೇರ್ ಬಾಕ್ಸಿನ ಮುಂದಿನ ಸೀಲಿನಿಂದ ಬಂದ ಗೇರ್ ಆಯಿಲ್. ಬೆರಳಿಗೆ ಹಚ್ಚಿ ಮೂಸಿದರೆ ಗೊತ್ತಾಗುತ್ತದೆ. ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ. ಡೀಸೆಲ್ ಇಂಜಿನ್ನಿನ ಆಯಿಲ್ ಮಸಿಯಂತೆ ಕಪ್ಪು. ಕೈಗೆ ಇಷ್ಟು ಹತ್ತಿರವಿರುವ ಪರೀಕ್ಷೆ ಮಾಡದೆ ಗೇರ್ ಬಾಕ್ಸ್ ಇಳಿಸುವುದನ್ನು ನಾನು ಒಪ್ಪಲಾರೆ.

ನಮ್ಮ ಕಡೆ ಉಳಿದಿರುವ ಹಳೆ ಜೀಪುಗಳಲ್ಲಿ ಹೆಚ್ಚಿನವು ವಿಲ್ಲೀಸ್ ವಂಶದವು. ಮಹೀಂದ್ರಾ 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿತು, ಮುಂದೆ ಎಂ.ಎಂ. 540ಕ್ಕೆ ಪೇಜೋ ವಿನ್ಯಾಸದ 2112 ಸಿಸಿ ಡೀಸೆಲ್ ಇಂಜಿನ್ ಬಂತು, ಆಮೇಲೆ 2523 ಸಿಸಿಯದು. ಇಂಜಿನ್ ಬದಲಾದರೂ ನಾಲ್ಕೂ ಗಾಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಬಹುಮಟ್ಟಿಗೆ ಹಳೆಯ ಜಾಯಮಾನದ್ದೇ ಆಗಿ ಉಳಿಯಿತು. ಈ ಗಾಡಿಗಳಲ್ಲಿ ಮಿಸ್ತ್ರಿಯ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ.

ಟ್ರಾನ್ಸ್‌ಫರ್ ಕೇಸಿನ ಹಿಂಭಾಗ ಒದ್ದೆಯಾದರೆ ಹಿಂದಿನ ಔಟ್‌ಪುಟ್ ಸೀಲ್ ತಂದು ಹಾಕುತ್ತಾರೆ. ಪಕ್ಕದಲ್ಲೇ ನಡುವಿನ ಗೇರನ್ನು ಹೊತ್ತ ಶಾಫ್ಟ್ ಇದೆ. ಅದು ತಿರುಗುವುದಿಲ್ಲ; ಕೇಸಿನ ಹಿಂದು ಮುಂದಿನ ತೂತುಗಳಲ್ಲಿ ತೂರಿ ಕೂತಿರುತ್ತದೆ, ಹಿಂದೆ ಒಂದು ಚಿಕ್ಕ ಪಟ್ಟಿ ಅದನ್ನು ಹಿಡಿದಿರುತ್ತದೆ. ತೂತು ಸವೆದರೆ ಶಾಫ್ಟಿನ ಸುತ್ತಲಿಂದ ಆಯಿಲ್ ಜಿನುಗುತ್ತದೆ, ಅದರ ಗುಮಾನಿ ಸೀಲಿನ ಮೇಲೆ ಹೋಗುತ್ತದೆ. ಹೊಸ ಸೀಲ್ ಹಾಕಿದ ಮೇಲೂ ಸೋರಿದಾಗ "ಸೀಲ್ ಡುಪ್ಲಿಕೇಟ್ ಇತ್ತು" ಎಂದು ಅಂಗಡಿಯವನಿಗೆ ಬೈಗುಳ. ಇನ್ನೊಂದು ಗುಟ್ಟು ಮಟ್ಟದಲ್ಲಿದೆ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡರ ಆಯಿಲ್ ಮಟ್ಟವನ್ನೂ ಬೇರೆ ಬೇರೆ ನೋಡಬೇಕು. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಉಕ್ಕುವಷ್ಟು ತುಂಬಿದ್ದರೆ ಆಯಿಲ್ ಒಳಗೊಳಗೇ ದಾಟುತ್ತಿದೆ. ಹೊರಗಿನ ಸೀಲ್ ಎಷ್ಟು ಬದಲಿಸಿದರೂ ತುಂಬಿದ ಕೇಸ್ ಮತ್ತೆ ಹೊರಗೆ ಕಕ್ಕುತ್ತದೆ.

ಔಟ್‌ಪುಟ್ ಸೀಲೇ ಹೋಗಿದ್ದರೂ ಸೀಲ್ ಒಂದನ್ನೇ ಹಾಕಿದರೆ ಸಾಲದು. ಸುಣ್ಣಕಲ್ಲಿನ ಧೂಳು ಸೀಲಿನ ತುಟಿಯಲ್ಲಿ ಸಿಕ್ಕು, ಅದರೊಳಗೆ ತಿರುಗುವ ಯೋಕ್‌ನ ನುಣುಪು ಮೈಯಲ್ಲಿ ಗೆರೆ ಕೊರೆದಿರುತ್ತದೆ. ಉಗುರು ಓಡಿಸಿದರೆ ಸಿಕ್ಕುವಷ್ಟು ಆಳದ ಗೆರೆ ಇದ್ದಲ್ಲಿ ಎಷ್ಟು ಒಳ್ಳೆ ಸೀಲ್ ಹಾಕಿದರೂ ಸೋರುತ್ತದೆ. ಯೋಕ್ ಮೇಲೆ ತೆಳು ಸ್ಲೀವ್ ಕೂರಿಸಬೇಕು, ಇಲ್ಲವೆ ಸೀಲನ್ನು ಗೆರೆ ತಪ್ಪುವಂತೆ ಕೂದಲೆಳೆ ಹಿಂದೆ ಮುಂದೆ ಕೂರಿಸಬೇಕು. ಇಷ್ಟು ಸೂಕ್ಷ್ಮ ಮಾಡುವ ಮಿಸ್ತ್ರಿಗಳನ್ನು ನಾನು ನೋಡಿದ್ದೇನೆ. ಅಂಥವರ ಕೆಲಸ ಮಳೆಗಾಲದ ಕರಿಮಣ್ಣಿನ ಕೆಸರನ್ನೂ ದಾಟಿ ನಿಲ್ಲುತ್ತದೆ.

ಮುಂದಿನ ಗಾಲಿ ಹೊರಳುವ ಕಡೆಯ ಮುಚ್ಚಿದ ಗೋಳದಲ್ಲೂ ಇದೇ ಕತೆ. ಒಳಗೆ ಗ್ರೀಸ್ ಇರಬೇಕಾದಲ್ಲಿ ತೆಳ್ಳಗಿನ ದ್ರವ ಇಳಿದರೆ, ಆಕ್ಸಲ್ ಹೌಸಿಂಗಿನ ಆಯಿಲ್ ಒಳಸೀಲ್ ದಾಟಿ ಗ್ರೀಸನ್ನು ಕರಗಿಸಿದೆ ಎಂದರ್ಥ. ಹೊರಗಿನ ಫೆಲ್ಟ್ ಬದಲಿಸುವುದರಿಂದ ಏನೂ ಆಗದು.

ಬ್ರೀದರ್ ಬಗ್ಗೆ ಮಾತ್ರ ಸ್ವಲ್ಪ ಜೋರಾಗಿ ಹೇಳಬೇಕು, ಯಾಕಂದರೆ ಅದನ್ನು ನೋಡುವವರೇ ಇಲ್ಲ. ಓಡಿ ಕಾದ ಹೌಸಿಂಗಿನಲ್ಲಿ ಗಾಳಿ ಹಿಗ್ಗುತ್ತದೆ. ಅದು ಹೊರಹೋಗುವ ಸಣ್ಣ ತೂತಿನ ತುಂಬ ಸಿಮೆಂಟ್ ಧೂಳು ಕಟ್ಟಿಕೊಂಡಿದ್ದರೆ ಒತ್ತಡ ಸೀಲನ್ನೇ ದಾರಿ ಮಾಡಿಕೊಳ್ಳುತ್ತದೆ. ಇಂಜಿನ್ನಿನಲ್ಲೂ ಅಷ್ಟೆ: ಚಾಲೂ ಇರುವಾಗ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ನುಗ್ಗಿ ಬಂದರೆ ರಿಂಗ್ ಸವೆದಿರಬಹುದು, ಬ್ರೀದರ್ ಪೈಪ್ ಕಟ್ಟಿರಬಹುದು. ಪೈಪ್ ತೊಳೆಯುವುದಕ್ಕೆ ಖರ್ಚೇ ಇಲ್ಲ, ಸಾಮಾನು ಮಾರಿದ ಲಾಭವೂ ಇಲ್ಲ.

ಸಿಲಿಕೋನ್ ಪೇಸ್ಟನ್ನು ಕೆಟ್ಟದ್ದು ಅನ್ನಲಾರೆ. ಚೊಕ್ಕಟ ಮಾಡಿದ ಎರಡು ಮುಖಗಳ ನಡುವೆ ತೆಳ್ಳಗೆ ಎಳೆದರೆ ಚೆನ್ನಾಗಿ ಹಿಡಿಯುತ್ತದೆ. ಇಂಜಿನ್ ಅಡಿಯ ಸೋರುವ ಆಯಿಲ್ ಚೇಂಬರಿಗೆ ಹೊರಗಿನಿಂದ ಮೆತ್ತುವುದು ಮಾತ್ರ ಮೋಸ. ಒಳಗೆ ಹೆಚ್ಚಾಗಿ ಹಿಂಡಿದರೆ ಅದರ ತುಣುಕು ಕಳಚಿ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ, ಆಗ ಹನಿ ಉಳಿಸಲು ಹೋಗಿ ಇಂಜಿನ್ನೇ ಹೋಗುತ್ತದೆ. ಚೇಂಬರ್ ಬೋಲ್ಟ್‌ಗಳನ್ನು ಬಲ ಹಾಕಿ ಬಿಗಿದರೂ ತಗಡು ತೂತಿನ ಸುತ್ತ ಬಗ್ಗಿ ಸೋರಿಕೆ ಹೆಚ್ಚುತ್ತದೆ. ಪ್ಯಾಕಿಂಗ್ ಕೂರಿಸುವ ಮೊದಲು ಅಂಚನ್ನು ಕಟ್ಟಿಗೆಯ ಮೇಲಿಟ್ಟು ಬಡಿದು ಸಮ ಮಾಡಬೇಕು.

ಇದೆಲ್ಲ ತಿಳಿಯದ ಮಿಸ್ತ್ರಿಗಳು ಕಡಿಮೆ. ತಿಳಿದೂ ಮಾಡದಿರಲು ಕಾರಣ ಮಾಲಕರಾದ ನಾವು. ಸೀಲಿಗೆ ದುಡ್ಡು ಕೊಡುತ್ತೇವೆ, ಬಿಚ್ಚಿ ಕಟ್ಟಿದ್ದಕ್ಕೆ ಕೊಡುತ್ತೇವೆ. ಅರ್ಧ ದಿನ ತೊಳೆದು, ಓಡಿಸಿ, ಮೂಸಿ ನೋಡಿ "ಟ್ಯಾಪಿಟ್ ಪ್ಯಾಕಿಂಗ್ ಅಷ್ಟೇ" ಎಂದವನಿಗೆ ಪ್ಯಾಕಿಂಗಿನ ಬೆಲೆ ಕೊಟ್ಟು ಕಳಿಸುತ್ತೇವೆ. ಸರಿಯಾಗಿ ಹುಡುಕಿದವನು ಕಡಿಮೆ ಗಳಿಸುತ್ತಾನೆ, ಊಹೆ ಮಾಡಿ ಗೇರ್ ಬಾಕ್ಸ್ ಇಳಿಸಿದವನು ಹೆಚ್ಚು. ಗಾಡಿ ಬಿಟ್ಟು ಬರುವಾಗಲೇ ನೋಡುವ ಕೆಲಸಕ್ಕೆ ಇಷ್ಟು, ಆಮೇಲೆ ಮಾಡುವ ಕೆಲಸಕ್ಕೆ ಇಷ್ಟು ಎಂದು ಬೇರೆ ಬೇರೆ ಮಾತಾಡಿಕೊಳ್ಳಬೇಕು.

ಹುಡುಕಿದ ಮೇಲೆ ಎಲ್ಲವನ್ನೂ ಕೂಡಲೇ ಬಿಚ್ಚಬೇಕೆಂದಿಲ್ಲ. ಕ್ರ್ಯಾಂಕಿನ ಹಿಂದಿನ ಸೀಲ್ ಬರೀ ಜಿನುಗುತ್ತಿದ್ದು, ಕ್ಲಚ್ ಜಾರದೆ ಇದ್ದು, ಮಟ್ಟ ಇಳಿಯುವುದು ನಿಧಾನವಾಗಿದ್ದರೆ, ಹೇಗೂ ಕ್ಲಚ್ ಬದಲಿಸುವ ದಿನದವರೆಗೆ ಅದು ಕಾಯಬಲ್ಲದು. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲ್ ಕಾಯಲಾರದು. ಹಳೆ ವಿಲ್ಲೀಸ್ ವಿನ್ಯಾಸದಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಅದರ ಬೆನ್ನಿಗೇ ಇದೆ. ಆಯಿಲ್ ಕುಡಿದ ಬ್ರೇಕ್ ಪಟ್ಟಿ ಹಿಡಿಯುವುದಿಲ್ಲ. ಖಣಿಯ ಇಳಿಜಾರಿನಲ್ಲಿ, ಚಿಂಚೋಳಿ ಕಾಡಿನ ಏರಿನಲ್ಲಿ ಜನರನ್ನು ಕೂರಿಸಿಕೊಂಡು ನಿಲ್ಲುವ ಗಾಡಿಯಲ್ಲಿ ಆ ಸೀಲ್ ಮೊದಲು ಆಗಬೇಕು. ಅದರ ಜೊತೆಗೇ ಬ್ರೇಕ್ ಪಟ್ಟಿಯೂ ಹೊಸದಾಗಬೇಕು. ಪೆಟ್ರೋಲಿನಲ್ಲಿ ತೊಳೆದ ಹಳೆಯದನ್ನೇ ಮತ್ತೆ ಕೂರಿಸಬಾರದು.